ಕಾಲು ರೋಡಲ್ಲಿ, ತಲೆ ವ್ಯಾನಲ್ಲಿ

ಕುಂದವಾಡ ಕೆರೆ ಏರಿ ಮೇಲೆ ದಿನಾ ಬೆಳಿಗ್ಗೆ ಸಿಗೋ ನಾವೆಲ್ಲ ಸೇರಿ ಹೋದ ಭಾನುವಾರ ದಾವಣಗೆರೆಲಿ ಒಂದು ಸಣ್ಣ ಸಭೆ ಮಾಡ್ಕೊಂಡಿದ್ವಿ, ಅಲ್ಲಿ ಮಾತಾಡಿದ್ದು ಇದು. ಬರೋಕಾಗದೇ ಇದ್ದೋರು ಬರೆದು ಕೊಡಿ ಅಂದ್ರು. ಮಾತಾಡಿದ ಹಂಗೇ ಬರ್ದಿದೀನಿ, ಅವತ್ತು ಮರೆತಿದ್ದನ್ನ ಅಲ್ಲಲ್ಲಿ ಸೇರಿಸಿದೀನಿ.

ಎಲ್ಲರಿಗೂ ನಮಸ್ಕಾರ. ನನಗಿಂತ ಮುಂಚೆ ಮಾತಾಡಿದೋರು ಓಡೋರು, ಶೂ ಬಗ್ಗೆ, ಮೊಣಕಾಲು ನೋವಿನ ಬಗ್ಗೆ ಚೆನ್ನಾಗಿ ಹೇಳಿದ್ರು. ನಾನು ಓಡೋನಲ್ಲ, ದೂರದ ಓಟ ಓಡೋರ ಜೊತೆ ವ್ಯಾನಲ್ಲಿ ಹೋಗೋನು, ನಮ್ಮಂಥೋರಿಗೆ ಕ್ರ್ಯೂ ಅಂತಾರೆ. ನೀರು ಕೊಡೋದು, ಅನ್ನ ಕಲಸಿ ಕೈಗಿಡೋದು, ಒದ್ದೆ ಸಾಕ್ಸ್ ಬಿಚ್ಚಿ ಪಾದ ಒರೆಸೋದು, ರಾತ್ರಿ ಟಾರ್ಚ್ ಹಿಡಿಯೋದು, ಎಲ್ಲಾದಕ್ಕಿಂತ ಮುಖ್ಯ ಈ ನೋಟ್‌ಬುಕ್ಕಲ್ಲಿ ಬರೆಯೋದು. ನೂರು ಪುಟದ್ದು, ಮಕ್ಕಳು ಸ್ಕೂಲಿಗೆ ತಗೊಂಡು ಹೋಗೋದು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಾನೇ ಸುತ್ತೋದು.

ಕ್ರ್ಯೂ ಅನ್ನೋ ಹೆಸರು ಕೇಳಿ ಇದೇನೋ ನಮಗೆ ಗೊತ್ತಿಲ್ಲದ ವಿಷಯ ಅನ್ಕೋಬೇಡಿ. ಪ್ರತಿ ವರ್ಷ ಕೊಟ್ಟೂರೇಶ್ವರನ ತೇರಿಗೆ ನಮ್ಮೂರಿಂದ ಎಷ್ಟು ಸಾವಿರ ಜನ ಪಾದಯಾತ್ರೆ ಹೋಗ್ತಾರೆ ನಿಮಗೇ ಗೊತ್ತು. ದಾರಿ ಉದ್ದಕ್ಕೂ ಒಂದೊಂದು ಊರಲ್ಲೂ ಪೆಂಡಾಲ್ ಹಾಕಿರ್ತಾರೆ, ಮಜ್ಜಿಗೆ ಒಂದು ಕಡೆ, ಕಲ್ಲಂಗಡಿ ಹಣ್ಣು ಒಂದು ಕಡೆ, ಯಾರೋ ಗೊತ್ತಿಲ್ಲದ ಹುಡುಗ ಮುಂದೆ ಕೂತು ಅಜ್ಜನ ಕಾಲಿಗೆ ಎಣ್ಣೆ ತಿಕ್ತಿರ್ತಾನೆ. ನನಗೆ ಹತ್ತು ವರ್ಷ ಇದ್ದಾಗ ನಮ್ಮಪ್ಪ ಅಂಥದ್ದೇ ಒಂದು ಪೆಂಡಾಲ್‌ನಲ್ಲಿ ನನ್ನ ಕೈಗೆ ಚೊಂಬು ಕೊಟ್ಟು, ಬಂದೋರಿಗೆ ಬೇಕಾ ಅಂತ ಕೇಳಬೇಡ, ಮುಖ ನೋಡು, ಬೇಕಿದ್ರೆ ಗೊತ್ತಾಗ್ತದೆ ಅಂದಿದ್ರು. ಕ್ರ್ಯೂ ಕೆಲಸದಲ್ಲಿ ನಾನು ಕಲಿತ ಮೊದಲನೇ ಪಾಠ ಅದೇ, ಅದೂ ಓಟದ ಹೆಸರೇ ಗೊತ್ತಿಲ್ಲದ ವಯಸ್ಸಲ್ಲಿ.

ಮ್ಯಾರಥಾನ್ ಅಂದ್ರೆ 42.195 ಕಿಲೋಮೀಟರ್. ಅದಕ್ಕಿಂತ ಉದ್ದ ಇರೋದೆಲ್ಲ ಅಲ್ಟ್ರಾ. ಗ್ರೀಸ್‌ನಲ್ಲಿ ಸ್ಪಾರ್ಟಾಥ್ಲಾನ್ ಅಂತ ಒಂದಿದೆ, 1983ರಿಂದ ನಡೀತಿದೆ, ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ 246 ಕಿಲೋಮೀಟರ್, 36 ಗಂಟೆ ಟೈಮು, ದಾರೀಲಿ 75 ಚೆಕ್‌ಪಾಯಿಂಟ್, ಕೊನೇಲಿ ರಾಜ ಲಿಯೋನಿಡಾಸ್ ಪ್ರತಿಮೆಯ ಪಾದ ಮುಟ್ಟಬೇಕು. ಆದರೆ ನಮ್ಮವರು ಅಂತ ಜೊತೆಗೆ ಹೋದ ಕ್ರ್ಯೂ ಎಲ್ಲ ಕಡೆ ಕೈ ಹಾಕಂಗಿಲ್ಲ, ಗೊತ್ತು ಮಾಡಿದ ಕೆಲವು ಚೆಕ್‌ಪಾಯಿಂಟಲ್ಲಿ ಮಾತ್ರ ಸಹಾಯ ಮಾಡಬಹುದು. ಅಮೆರಿಕದ ಬ್ಯಾಡ್‌ವಾಟರ್ ಇದಕ್ಕೆ ಪೂರ್ತಿ ಉಲ್ಟಾ. 135 ಮೈಲಿ, ಅಂದ್ರೆ 217 ಕಿಲೋಮೀಟರ್, ಸಮುದ್ರ ಮಟ್ಟಕ್ಕಿಂತ 85 ಮೀಟರ್ ಕೆಳಗಿರೋ ಡೆತ್ ವ್ಯಾಲಿ ತಳದಿಂದ ವಿಟ್ನಿ ಬೆಟ್ಟ ಹತ್ತೋ ದಾರಿ ಶುರುವಾಗೋ ಜಾಗದವರೆಗೆ, ಅದೂ ಜುಲೈ ತಿಂಗಳ ಬಿಸಿಲಲ್ಲಿ, ಅಲ್ಲಿ ಬಿಸಿ 50 ಡಿಗ್ರಿ ದಾಟೋದೂ ಉಂಟು. ಅಲ್ಲಿ ಆಯೋಜಕರು ನೀರಿನ ಟೇಬಲ್ ಇಡೋದಿಲ್ಲ. ಕ್ರ್ಯೂ ಇಲ್ಲದೆ ಹೆಸರೇ ತಗೊಳಲ್ಲ. ಐಸು, ನೀರು, ಊಟ, ಬಟ್ಟೆ ಎಲ್ಲ ವ್ಯಾನಿಂದಲೇ. ನಮ್ಮ ದೇಶದ್ದೇ ಲಡಾಖ್‌ನಲ್ಲಿ ಲಾ ಅಲ್ಟ್ರಾ 2010ರಲ್ಲಿ ಶುರುವಾದಾಗ 222 ಕಿಲೋಮೀಟರ್, ಖರ್ದುಂಗ್ ಲಾ ಹತ್ತಿ ಇಳೀಬೇಕು, 17,000 ಅಡಿಗೂ ಎತ್ತರ. ಮೊದಲನೇ ವರ್ಷ ಮುಗಿಸಿದ್ದು ಒಬ್ಬರೇ, ಮಾರ್ಕ್ ಕಾಕ್‌ಬೇನ್ ಅಂತ. ಅಷ್ಟು ಎತ್ತರದಲ್ಲಿ ಸುಮ್ನೆ ಕೂತ್ರೂ ತಲೆನೋವು ಬರ್ತದೆ, ಉಸಿರು ಸಾಲಲ್ಲ, ವ್ಯಾನಲ್ಲಿ ಕೂತೋರಿಗೂ ಅಷ್ಟೇ. ಆ ತಲೆನೋವಲ್ಲೇ ಇನ್ನೊಬ್ಬರಿಗೆ ಬಿಸಿನೀರು ಕಾಯಿಸಿ ಕೊಡಬೇಕು.

ಅಷ್ಟು ದೂರ ಯಾಕೆ, 2022ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಏಷ್ಯಾ ಓಷಿಯಾನಿಯಾದ 24 ಗಂಟೆ ಓಟ ಆಯ್ತಲ್ಲ, ನಮ್ಮ ಅಮರ್ ಸಿಂಗ್ ದೇವಂದ ಅವರು 257 ಕಿಲೋಮೀಟರ್ ಓಡಿ ಗೆದ್ದರು. 400 ಮೀಟರ್ ಟ್ರ್ಯಾಕು. ಲೆಕ್ಕ ಹಾಕಿ, 640 ಸುತ್ತಿಗೂ ಜಾಸ್ತಿ. ಒಂದೊಂದು ಸುತ್ತಿಗೂ ಅದೇ ಟೇಬಲ್ ಮುಂದೆ ಹಾದು ಹೋಗ್ತಾರೆ. ಆ ಟೇಬಲ್ ಹಿಂದೆ ನಿಂತೋರು ಅಷ್ಟೂ ಸಲ ತಲೆ ಎತ್ತಿ ನೋಡಬೇಕು, ಈಗ ಏನಾದ್ರೂ ಕೊಡ್ಲಾ, ಈ ಸುತ್ತು ಬಿಡ್ಲಾ, ನಡಿಗೆ ವಾಲ್ತಿದ್ಯಾ ಅಂತ. ಪದಕದ ಫೋಟೋದಲ್ಲಿ ಆ ಟೇಬಲ್ ಬರಲ್ಲ.

ಈಗ ನಮ್ಮ ಕಥೆಗೆ ಬರ್ತೀನಿ. ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳು. ನಮ್ಮ ಮೇಷ್ಟ್ರು, ಹೆಸರು ಬೇಡ ಅಂದಿದಾರೆ, ಇಲ್ಲಿ ಅರ್ಧ ಜನಕ್ಕೆ ಗೊತ್ತೇ ಇದೆ, ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಓಡಿ, ಅಲ್ಲಿ ಒನಕೆ ಓಬವ್ವ ಕ್ರೀಡಾಂಗಣದ ಗೇಟು ಮುಟ್ಟಿ, ವಾಪಸ್ ಓಡಿ ಬರ್ತೀನಿ ಅಂದ್ರು. ಹೋಗಿ ಬರೋಕೆ ಹತ್ರ ಹತ್ರ 120 ಕಿಲೋಮೀಟರ್. ರೇಸ್ ಅಲ್ಲ, ಯಾರೂ ಮೆಡಲ್ ಕೊಡೋರಿಲ್ಲ, ಅವರಿಗೇ ಆಸೆ. ಕ್ರ್ಯೂನಲ್ಲಿ ನಾಲ್ಕು ಜನ. ಓಮ್ನಿ ಓಡಿಸೋಕೆ ನಮ್ಮ ಬೀದಿ ಅಣ್ಣ, ರಿಟೈರ್ ಆದ ಸಿಸ್ಟರ್ ಅಕ್ಕ, ಸೆಕೆಂಡ್ ಪಿಯುಸಿ ಪರೀಕ್ಷೆ ಆಗಷ್ಟೇ ಮುಗಿಸಿದ್ದ ಮೇಷ್ಟ್ರ ಮಗಳು, ಮತ್ತೆ ನಾನು.

ಹೊರಡೋ ಹಿಂದಿನ ದಿನ ಮೇಷ್ಟ್ರ ಮನೇಲಿ ಕೂತು ಎಲ್ಲ ಜೋಡಿಸಿದ್ವಿ. ಮೇಷ್ಟ್ರ ಮನೆಯೋರು ಎರಡು ಡಬ್ಬಿ ಮೊಸರನ್ನ, ಒಂದು ಡಬ್ಬಿ ಚಿತ್ರಾನ್ನ, ಬೇಯಿಸಿ ಉಪ್ಪು ಹಚ್ಚಿದ ಆಲೂಗಡ್ಡೆ, ಶೇಂಗಾ ಚಿಕ್ಕಿ, ಫ್ಲಾಸ್ಕ್ ತುಂಬ ಅನ್ನದ ಗಂಜಿ ಕೊಟ್ರು. ಮಂಡಕ್ಕಿ ಇಲ್ದೆ ನಮ್ಮೂರೋರು ಎಲ್ಲಿಗೂ ಹೋಗಲ್ಲ, ಅದೂ ಒಂದು ಚೀಲ. ವ್ಯಾಸಲಿನ್, ಟೇಪು, ಸೂಜಿ, ಸ್ಪಿರಿಟ್, ಎರಡು ಜೊತೆ ಶೂ, ಅದರಲ್ಲಿ ಒಂದು ಅರ್ಧ ಸೈಜ್ ದೊಡ್ಡದು, ಯಾಕಂದ್ರೆ ಎಂಟು ಹತ್ತು ಗಂಟೆ ಆದ್ಮೇಲೆ ಪಾದ ಊದಿಕೊಂಡು ಮೊದಲನೇ ಶೂ ಕಚ್ಚೋಕೆ ಶುರು ಮಾಡ್ತದೆ. ಹೊಳೆಯೋ ಜಾಕೆಟ್ ಐದು, ಓಡೋರಿಗೊಂದೇ ಅಲ್ಲ, ಎಲ್ಲರಿಗೂ. ಸಿಸ್ಟರ್ ಅಕ್ಕ ಮನೆಯಿಂದ ತೂಕದ ಮಿಷನ್ ಎತ್ಕೊಂಡು ಬಂದ್ರು. ನನಗೆ ಅರ್ಥ ಆಗ್ಲಿಲ್ಲ, ಜಾಗ ಇಲ್ಲ ಅಕ್ಕ ಇದ್ಯಾಕೆ ಅಂದೆ. ಇರ್ಲಿ ಬಿಡಪ್ಪ, ಕಾಲ ಕೆಳಗೆ ಇಟ್ಕೊಂಡು ಕುಂದ್ರುತೀನಿ ಅಂದ್ರು.

ಆಮೇಲೆ ಅಕ್ಕ ನೋಟ್‌ಬುಕ್ಕಿನ ಮೊದಲನೇ ಪುಟ ತೆಗೆದು ಮೇಷ್ಟ್ರ ಮುಂದೆ ಇಟ್ರು. ಬರೀರಿ ಮೇಷ್ಟ್ರೇ ಅಂದ್ರು. ಏನ್ ಬರೀಲಿ ಅಕ್ಕ. ಸಿಸ್ಟರ್ ನಿಲ್ಲು ಅಂದ್ರೆ ನಿಲ್ತೀನಿ, ಮಾತಾಡಲ್ಲ, ಅಂತ ಬರ್ದು ಸೈನ್ ಮಾಡಿ. ಮೇಷ್ಟ್ರು ನಕ್ಕೊಂಡು ಬರೆದು ಸೈನ್ ಮಾಡಿದ್ರು.

ಸಾಯಂಕಾಲ 4 ಗಂಟೆಗೆ ಹೊರಟ್ವಿ. ಬಿಸಿಲು ಇನ್ನೂ ಉರೀತಿತ್ತು. ಹೈವೇ ಮೇಲೆ ಓಡಬಾರದು, ಲಾರಿಗಳ ಊರು ನಮ್ದು, ಹಂಗಾಗಿ ಸಿಕ್ಕ ಕಡೆ ಎಲ್ಲ ಸರ್ವಿಸ್ ರೋಡೇ ಹಿಡಿದ್ವಿ. ವ್ಯಾನು ಓಟಗಾರನ ಬೆನ್ನಿಗೆ ಅಂಟ್ಕೊಂಡು ನಿಧಾನಕ್ಕೆ ಬರೋದು ಅಪಾಯ, ಹಿಂದಿಂದ ಬರೋ ಗಾಡಿಯೋರಿಗೆ ಅರ್ಥ ಆಗಲ್ಲ. ಮೂರು ಕಿಲೋಮೀಟರ್ ಮುಂದೆ ಹೋಗಿ, ರೋಡಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಕೆಳಗಿಳಿದು ಕಾಯಬೇಕು. ನಾವು ಹಂಗೇ ಮಾಡಿದ್ವಿ. ಪ್ರತಿ ಸಲ ನಾನು 300 ಎಂ.ಎಲ್. ನೀರಿನ ಬಾಟಲ್ ಕೈಗೆ ಕೊಡೋದು, ಖಾಲಿ ಬಾಟಲ್ ತಗೊಳೋದು, ಮಗಳು ಟೈಮು, ನೀರು, ತಿಂದಿದ್ದು, ಮೂತ್ರಕ್ಕೆ ಹೋಗಿದ್ದು, ಹೇಳಿದ ಮಾತು ಎಲ್ಲ ಬರ್ಕೊಳೋದು. ಆನಗೋಡು ಹತ್ರ ಹೊತ್ತು ಮುಳುಗಿತು. ಭರಮಸಾಗರದಲ್ಲಿ ಕೂತು ಅರ್ಧ ಡಬ್ಬಿ ಮೊಸರನ್ನ ತಿಂದ್ರು, ಎಡಗಾಲ ಹಿಮ್ಮಡಿಲಿ ಗುಳ್ಳೆ ಎದ್ದಿತ್ತು, ಅಕ್ಕ ಸೂಜಿ ಸ್ಪಿರಿಟ್‌ನಲ್ಲಿ ಅದ್ದಿ ಅಂಚಲ್ಲಿ ಚುಚ್ಚಿ ನೀರು ತೆಗೆದು, ಚರ್ಮ ಕೀಳದೆ ಹಂಗೇ ಬಿಟ್ಟು ಮೇಲೆ ಟೇಪ್ ಹಾಕಿದ್ರು. ಐದು ನಿಮಿಷದ ಕೆಲಸ.

ಓಡೋರ ಹತ್ರ ಮಾತಾಡೋದೂ ಕಲೀಬೇಕು. ಹೆಂಗಿದೀರಾ ಅಂತ ಕೇಳಲೇಬಾರದು. 50 ಕಿಲೋಮೀಟರ್ ಆದೋರಿಗೆ ಆ ಪ್ರಶ್ನೆಗೆ ಉತ್ತರ ಹುಡುಕೋದೇ ಒಂದು ಭಾರ, ಹುಡುಕಿದ್ರೆ ಸಿಗೋದು ಬರೀ ನೋವು. ಏನ್ ತಿಂತೀರಾ ಅಂತಾನೂ ಕೇಳಬಾರದು, ಏನೂ ಬೇಡ ಅಂತಾರೆ. ಗಂಜಿನಾ ಆಲೂಗಡ್ಡೆನಾ ಅಂತ ಎರಡೂ ಕೈಲಿ ಹಿಡಿದು ನಿಂತ್ರೆ ಒಂದಕ್ಕೆ ಕೈ ಬರ್ತದೆ. ಇನ್ನೇನು ಬಂತು, ಇಲ್ಲೇ ಐತೆ ಅಂತ ಸುಳ್ಳು ಹೇಳಬೇಡಿ. ಒಂದು ಸಲ ಸುಳ್ಳು ಹೇಳಿ ಸಿಕ್ಕಾಕೊಂಡ್ರೆ ಆಮೇಲೆ ನೀವು ಹೇಳಿದ ಸತ್ಯನೂ ಅವರು ನಂಬಲ್ಲ, ರಾತ್ರಿ 3 ಗಂಟೆಗೆ ನಿಮ್ಮ ಮಾತು ನಂಬೋದು ಬಿಟ್ರೆ ಅವರಿಗೆ ಬೇರೆ ಏನೂ ಇರಲ್ಲ.

ರಾತ್ರಿ 12.50ಕ್ಕೆ ಚಿತ್ರದುರ್ಗ. ಊರೆಲ್ಲ ಮಲಗಿತ್ತು. ಮೇಷ್ಟ್ರು ಕ್ರೀಡಾಂಗಣದ ಗೇಟು ಮುಟ್ಟಿ ಕೈ ಮುಗಿದ್ರು. ಮಗಳು, ಅಪ್ಪಾಜಿ, ಓಬವ್ವನೂ ಗಂಡ ಊಟಕ್ಕೆ ಕೂತಾಗ ನೀರು ತರೋಕೆ ಹೋದೋಳೇ ಅಲ್ವಾ ಅಂದ್ಲು. ಆ ಹುಡುಗಿ ಅವತ್ತು ರಾತ್ರಿ ಪೂರ್ತಿ ನೀರು ಹಿಡ್ಕೊಂಡು ನಿಂತಿದ್ದೋಳು, ಅವಳ ಬಾಯಲ್ಲಿ ಆ ಮಾತು ಬಂದಿದ್ದು ನನಗೆ ಇವತ್ತಿಗೂ ಕಿವೀಲಿದೆ.

ವಾಪಸ್ ಹೊರಟ ಮೇಲೆ ದುರ್ಗದ ಗಾಳಿ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳ ಕೆಂಪು ದೀಪ ಮಿಣಿ ಮಿಣಿ ಅಂತಿತ್ತು, ಚಳಿ ಆಗ್ತಿತ್ತು, ನಾವೆಲ್ಲ ಶಾಲು ಹೊದ್ಕೊಂಡ್ವಿ. ಮೇಷ್ಟ್ರ ಅಂಗಿ ಒಣಗಿತ್ತು. ನಾನು ನೋಡಬೇಕಾಗಿದ್ದು ಅದೇ, ಅಂಗಿ ಒಣಗಿತ್ತು. ಆದ್ರೆ ನಾನು ಸಾಯಂಕಾಲದ ಬಿಸಿಲಿಗೆ ಹಾಕ್ಕೊಂಡ ಲೆಕ್ಕಾನೇ ಮುಂದುವರಿಸಿದೆ, ಮೂರು ಕಿಲೋಮೀಟರಿಗೆ ಒಂದು ಬಾಟಲ್, ಕುಡೀರಿ ಸರ್, ಕುಡೀಲೇಬೇಕು ಸರ್. ಅವರೂ ವಿಧೇಯ ವಿದ್ಯಾರ್ಥಿ ಥರ ಕುಡಿದ್ರು. ಓಆರ್‌ಎಸ್ ಪೊಟ್ಟಣ ಖಾಲಿಯಾಗಿತ್ತು, ಎಳನೀರು ಇತ್ತಲ್ಲ ಅಂತ ಅದನ್ನ ಕೊಟ್ಟೆ. ಎಳನೀರಲ್ಲಿ ಪೊಟ್ಯಾಶಿಯಂ ಚೆನ್ನಾಗಿದೆ, ಆದ್ರೆ ಬೆವರಲ್ಲಿ ಹೋಗೋ ಉಪ್ಪು, ಅಂದ್ರೆ ಸೋಡಿಯಂ, ಅದರಲ್ಲಿ ಕಮ್ಮಿ, ಅದು ನನಗೆ ಅವತ್ತು ಗೊತ್ತಿರಲಿಲ್ಲ.

ಭರಮಸಾಗರ ಸಮೀಪಿಸೋ ಹೊತ್ತಿಗೆ ಗಂಟೆ 4 ಆಗಿತ್ತು. ಮೇಷ್ಟ್ರು ವ್ಯಾನ್ ಹತ್ರ ಬಂದು ವಾಂತಿ ಮಾಡಿದ್ರು. ತಲೆ ಸಿಡೀತಿದೆ ಅಂದ್ರು. ನಾನು ಇನ್ನೊಂದು ಬಾಟಲ್ ನೀರು ಮುಂದೆ ಹಿಡಿದೆ. ಅಕ್ಕ ನನ್ನ ಕೈ ಹಿಡ್ಕೊಂಡು ನಿಲ್ಲಿಸಿದ್ರು. ಟಾರ್ಚ್ ಮೇಷ್ಟ್ರ ಕೈ ಮೇಲೆ ಬಿಟ್ರು. ಬೆರಳೆಲ್ಲ ಊದಿತ್ತು, ಮದುವೆ ಉಂಗುರ ಮಾಂಸದೊಳಗೆ ಹೂತು ಹೋದಂಗೆ ಕಾಣ್ತಿತ್ತು. ತೂಕದ ಮಿಷನ್ ತೆಗೀರಿ ಅಂದ್ರು. ರೋಡ್ ಪಕ್ಕ ಸಮ ಜಾಗದಲ್ಲಿಟ್ಟು ಮೇಷ್ಟ್ರನ್ನ ನಿಲ್ಲಿಸಿದ್ವಿ. ಹೊರಡುವಾಗ 61.4 ಇತ್ತು, ನೋಟ್‌ಬುಕ್ಕಲ್ಲಿ ಬರೆದಿತ್ತು. ಈಗ 63.

ಇಲ್ಲಿ ಸ್ವಲ್ಪ ನಿಂತು ಕೇಳಿಸ್ಕೊಳಿ. ಹನ್ನೆರಡು ಗಂಟೆ ಓಡಿದೋರ ತೂಕ ಕಮ್ಮಿ ಆಗಬೇಕು, ಒಂದು ಒಂದೂವರೆ ಕೆ.ಜಿ. ಕಮ್ಮಿಯಾದ್ರೆ ಗಾಬರಿ ಇಲ್ಲ. ಜಾಸ್ತಿ ಆಗಿದೆ ಅಂದ್ರೆ ಕುಡಿದ ನೀರು ಹೊರಗೆ ಹೋಗದೆ ಒಳಗೇ ನಿಂತಿದೆ ಅಂತ ಅರ್ಥ. ತುಂಬಾ ಹೊತ್ತು ಶ್ರಮ ಪಟ್ಟಾಗ ದೇಹ ನೀರನ್ನ ಹಿಡಿದಿಟ್ಟುಕೊಳ್ಳೋ ಹಾರ್ಮೋನ್ ಬಿಡ್ತದೆ, ಮೂತ್ರ ಕಮ್ಮಿ ಆಗ್ತದೆ, ಮೇಲಿಂದ ನಾವು ಬರೀ ನೀರು ಹುಯ್ತಾ ಹೋದ್ರೆ ರಕ್ತದಲ್ಲಿರೋ ಸೋಡಿಯಂ ತೆಳುವಾಗ್ತದೆ. ಅದು ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗೆ ಹೋದ್ರೆ ಹೈಪೋನಾಟ್ರೀಮಿಯಾ ಅಂತಾರೆ. ಜಾಸ್ತಿ ಆದ್ರೆ ಮೆದುಳು ಊದ್ತದೆ, ಮೊದಲು ತಲೆನೋವು ವಾಂತಿ, ಆಮೇಲೆ ಮಾತು ತಪ್ಪೋದು, ಫಿಟ್ಸು, ಜೀವಕ್ಕೇ ಅಪಾಯ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಜನ ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಿಗೆ ಸೋಡಿಯಂ ಕಮ್ಮಿ ಇತ್ತು, ಓಟದಲ್ಲಿ ತೂಕ ಏರಿದೋರಿಗೇ ಆ ಅಪಾಯ ಜಾಸ್ತಿ ಅಂತ ಕಂಡುಬಂತು. ಕಷ್ಟ ಏನಂದ್ರೆ ಇದು ಹೊರಗಿಂದ ನೋಡಿದ್ರೆ ನೀರು ಕಮ್ಮಿಯಾದಂಗೇ ಕಾಣ್ತದೆ. ಸುಸ್ತು, ವಾಂತಿ, ತಲೆನೋವು. ನೋಡಿದೋರು ಪ್ರೀತಿಯಿಂದ ಇನ್ನೊಂದು ಚೊಂಬು ನೀರು ಕುಡಿಸ್ತಾರೆ. ನಾನು ಅದನ್ನೇ ಮಾಡೋಕೆ ಹೊರಟಿದ್ದೆ.

ಅಕ್ಕ ನೋಟ್‌ಬುಕ್ ಕೇಳಿದ್ರು. ಮಗಳು ಬೆರಳಿಟ್ಟು ಓದಿದ್ಲು, ಕೊನೇ ಓಆರ್‌ಎಸ್ 11.10ಕ್ಕೆ, ಅದಾದ್ಮೇಲೆ ಒಂಬತ್ತು ಬಾಟಲ್ ನೀರು, ಎರಡು ಎಳನೀರು, ಮೂತ್ರ ಒಂದೇ ಸಲ. ಅಕ್ಕ, ಸಾಕು ಮೇಷ್ಟ್ರೇ, ವ್ಯಾನ್ ಹತ್ರಿ ಅಂದ್ರು.

ಮೇಷ್ಟ್ರು ಒಪ್ಪಲಿಲ್ಲ. ಅವರು ಯಾವತ್ತೂ ಯಾರಿಗೂ ಗದರಿದೋರಲ್ಲ, ಅವತ್ತು ನನ್ನ ಹೆಸರು ಹಿಡಿದು ಏಕವಚನದಲ್ಲಿ ಕೂಗಿದ್ರು, ಇನ್ನ 35 ಕಿಲೋಮೀಟರ್, ನಡ್ಕೊಂಡಾದ್ರೂ ಹೋಗ್ತೀನಿ ಬಿಡು ದಾರಿ ಅಂತ. ನಾನು ದಾರಿ ಬಿಟ್ಟೇ ಬಿಡ್ತಿದ್ನೇನೋ. ಒಂದು ವರ್ಷ ತಯಾರಿ ಮಾಡಿದ್ದು ನೋಡಿದೋನು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೆರೆ ಸುತ್ತಿದ್ದು ನೋಡಿದೋನು, ಹೆಂಗೆ ಬೇಡ ಅನ್ನೋದು. ಆಗ ಮಗಳು ಮೊದಲನೇ ಪುಟ ತೆಗೆದು, ಟಾರ್ಚ್ ಬಿಟ್ಟು ಅಪ್ಪನ ಮುಂದೆ ಹಿಡಿದ್ಲು. ಏನೂ ಮಾತಾಡಲಿಲ್ಲ. ಮೇಷ್ಟ್ರು ತಮ್ಮದೇ ಅಕ್ಷರ ಓದೋಕೆ ತುಂಬಾ ಹೊತ್ತು ತಗೊಂಡ್ರು. ಓದಿ ವ್ಯಾನ್ ಹತ್ತಿದ್ರು.

ದಾವಣಗೆರೆ ಆಸ್ಪತ್ರೇಲಿ ಸೋಡಿಯಂ 126 ಬಂತು. ಎಮರ್ಜೆನ್ಸಿಲಿದ್ದ ಡಾಕ್ಟರು ನೋಟ್‌ಬುಕ್ ಪುಟ ಪುಟ ತಿರುವಿ ನೋಡಿದ್ರು, ತೂಕ ಏರಿದ್ದು ನೋಡಿ ಮಾಮೂಲಿ ಡ್ರಿಪ್ ಬೇಡ ಅಂತ ಉಪ್ಪಿನಂಶ ಜಾಸ್ತಿ ಇರೋ ಸಲೈನ್ ಸ್ವಲ್ಪ ಸ್ವಲ್ಪವೇ ಕೊಟ್ರು. ಎರಡು ದಿನಕ್ಕೆ ಮನೆಗೆ ಬಂದ್ರು. ನನ್ನ ಹತ್ರ ಒಂದು ವಾರ ಸರಿಯಾಗಿ ಮಾತಾಡಲಿಲ್ಲ, ಅದು ಸಿಟ್ಟಲ್ಲ, ನಾನು ಕೂಗಿದ್ನಲ್ಲ ಅಂತ ಅವರಿಗೆ ಸಂಕೋಚ ಅಂತ ಆಮೇಲೆ ಗೊತ್ತಾಯ್ತು. ನನಗೂ ಮುಖ ತೋರಿಸೋಕೆ ಆಗ್ತಿರಲಿಲ್ಲ, ಕುಡಿಸಿದೋನು ನಾನೇ ಅಲ್ವಾ.

ಅಲ್ಲಿಂದ ನಾವು ಬದಲಾಯಿಸ್ಕೊಂಡಿದ್ದು ಹೇಳ್ತೀನಿ. ನೀರು ಬಾಯಾರಿಕೆ ಆದ್ರೆ ಮಾತ್ರ, ಒತ್ತಾಯ ಇಲ್ಲ. ಅಂಗಿ ಒಣಗಿದ್ರೆ, ಗಾಳಿ ತಣ್ಣಗಾದ್ರೆ ಬಾಟಲ್ ಚಿಕ್ಕದು. ಓಆರ್‌ಎಸ್ ಪೊಟ್ಟಣ ಬೇಕಾಗಿದ್ದಕ್ಕಿಂತ ಎರಡರಷ್ಟು, ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದ್ದೇ, ಒಂದು ಲೀಟರಿಗೆ 2.6 ಗ್ರಾಂ ಉಪ್ಪು 13.5 ಗ್ರಾಂ ಗ್ಲೂಕೋಸ್ ಇರೋದು, ಪೊಟ್ಟಣದ ಹಿಂದೆ ಓದಿ ತಗೊಳಿ. ಡಬ್ಬಿ ಮೇಲೆ ಓಆರ್‌ಎಸ್ ಅಂತ ಬರೆದು ಮಾರ್ತಿದ್ದ ಸಿಹಿ ಜ್ಯೂಸ್‌ಗಳಿಗೆ ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ನೋಡ್ಕೊಳೋ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೇಳಿದೆ, ಅದು ಬೇರೆ ಇದು ಬೇರೆ. ಓಆರ್‌ಎಸ್ ಇದೆ ಅಂತ ಜಾಸ್ತಿ ಕುಡಿಸಿದ್ರೂ ಅದೇ ಕಷ್ಟ, ಅದು ಮರೀಬೇಡಿ. ತೂಕದ ಮಿಷನ್ ಈಗ ಮೊದಲನೇ ಸಾಮಾನು. ನೋವಿನ ಮಾತ್ರೆ ವ್ಯಾನಲ್ಲಿ ಇಡೋದೇ ಇಲ್ಲ, ಓಡ್ತಾ ಬೆವರು ಹರೀತಿರುವಾಗ ಅದು ಕಿಡ್ನಿಗೆ ಹೊಡೆತ. ಹಗಲು ಬಿಸಿಲಲ್ಲಿ ಯಾರಾದ್ರೂ ತೊದಲಿದ್ರೆ, ಕುಸಿದ್ರೆ, ಮೈ ಸುಡ್ತಿದ್ರೆ ಮೊದಲು ಅಲ್ಲೇ ತಣ್ಣಗೆ ಮಾಡೋದು, ಐಸ್ ನೀರು ಸುರಿದು, ಒದ್ದೆ ಬಟ್ಟೆ ಸುತ್ತಿ, ಗಾಳಿ ಹಾಕಿ, ಅದಾದ್ಮೇಲೆ ಆಸ್ಪತ್ರೆಗೆ. ಆಂಬುಲೆನ್ಸ್ ಕಾಯ್ತಾ ಸುಮ್ನೆ ನಿಲ್ಲಬಾರದು.

ಇನ್ನೊಂದು, ಇದನ್ನ ಯಾರೂ ಹೇಳಲ್ಲ, ಹಂಗಾಗಿ ಜೋರಾಗಿ ಹೇಳ್ತೀನಿ. ಅವತ್ತು ವಾಪಸ್ ಬರುವಾಗ ಓಮ್ನಿ ಓಡಿಸ್ತಿದ್ದ ಅಣ್ಣ ಹಿಂದಿನ ಬೆಳಿಗ್ಗೆಯಿಂದ ಮಲಗಿರಲಿಲ್ಲ. ಹಿಂದೆ ಮೇಷ್ಟ್ರು ಒರಗಿದಾರೆ, ನಾವೆಲ್ಲ ಅವರನ್ನೇ ನೋಡ್ತಿದೀವಿ, ಅಣ್ಣನ ಕಣ್ಣು ಎರಡು ಸಲ ಮುಚ್ಚಿದ್ದು ನೋಡಿದ್ದು ಅಕ್ಕ ಒಬ್ಬರೇ. ಅವರು ಪಕ್ಕದಲ್ಲಿ ಕೂತು ದಾವಣಗೆರೆ ಬರೋವರೆಗೂ ಅಣ್ಣನ ಜೊತೆ ಮಾತಾಡ್ತಾನೇ ಇದ್ರು. ಓಡೋರಿಗೆ ಅಷ್ಟೆಲ್ಲ ಅನ್ನ ಕಟ್ಕೊಂಡು ಹೋಗಿದ್ವಿ, ಅಣ್ಣನಿಗೆ ಅಂತ ಒಂದು ಟೀ ಫ್ಲಾಸ್ಕ್ ಇಟ್ಟಿರಲಿಲ್ಲ. ಅವರು ಇಡೀ ರಾತ್ರಿ ತಿಂದಿದ್ದು ಒಂದು ಹಿಡಿ ಮಂಡಕ್ಕಿ. ಈಗ ಡ್ರೈವರ್ ಇಬ್ಬರು, ನಾಲ್ಕು ಗಂಟೆಗೊಂದು ಪಾಳಿ, ಪಾಳಿ ಮುಗಿದೋರು ಮಲಗಲೇಬೇಕು, ಅವರ ಊಟ, ಅವರ ನಿದ್ದೆ ಕೂಡ ನೋಟ್‌ಬುಕ್ಕಲ್ಲಿ ಬರೀತೀವಿ. ಓಡೋರ ಕಾಲಂ ಪಕ್ಕದಲ್ಲೇ ಕ್ರ್ಯೂ ಕಾಲಂ.

ಮೇಷ್ಟ್ರು ಮತ್ತೆ ಓಡ್ತಾರಂತೆ. ಡಾಕ್ಟರು ಸರಿ ಅಂದಿದಾರೆ, ಮನೆಯೋರೂ ಒಪ್ಪಿದಾರೆ, ಸಿಸ್ಟರ್ ಅಕ್ಕ ಬಂದ್ರೆ ಮಾತ್ರ ಅಂತ ಷರತ್ತು ಹಾಕಿ. ಅದೇ ದಾರಿ, ಬರೋ ತಿಂಗಳು ಎರಡನೇ ಶನಿವಾರ, ಈ ಸಲ ಸಾಯಂಕಾಲ ಆರಕ್ಕೆ ಹೊರಡೋದು. ಹೊಸ ನೋಟ್‌ಬುಕ್ ತಂದಿದೀನಿ, ಮೊದಲನೇ ಪುಟಕ್ಕೆ ಸೈನ್ ಆಗಿದೆ. ರಾತ್ರಿ ಒಂದರಿಂದ ಬೆಳಗಿನ ಐದರವರೆಗಿನ ಪಾಳಿಗೆ ಇನ್ನಿಬ್ಬರು ಬೇಕು, ಅದರಲ್ಲಿ ಒಬ್ಬರಿಗೆ ಗಾಡಿ ಓಡಿಸೋಕೆ ಬರಬೇಕು. ಬರೋರು ಸಭೆ ಮುಗಿದ ಮೇಲೆ ನನ್ನ ಹತ್ರ ಹೆಸರು ಬರೆಸಿ. ಒಂದು ಬೆಡ್‌ಶೀಟ್ ತನ್ನಿ, ದುರ್ಗದ ಹತ್ರ ಚಳಿ ಇರ್ತದೆ.